ನೆಲಮನೆಯ ನೀರು ಮತ್ತು ಎರಡನೆಯ ಪಂಪು

ಮಳೆಗಾಗಿ ಆಕಾಶವನ್ನು ನೋಡುತ್ತ ಕುಳಿತ ಸೀಮೆಯ ಜನರಿಗೆ ಮಳೆನೀರಿನಿಂದ ಮನೆಯನ್ನು ಕಾಯುವ ಬಗೆಯನ್ನು ಹೇಳಹೊರಟರೆ ಅದು ವಿನೋದವೆಂದು ಕೆಲವರಿಗೆ ತೋರೀತು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸುತ್ತಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿಯಾಗಿ 600 ಮಿಲಿಮೀಟರಿನ ಆಸುಪಾಸಿನದು. ನಳದ ನೀರು ಬರುವ ದಿನವನ್ನು ಎಣಿಸುತ್ತಿರುವ ಗೃಹಿಣಿಗೆ, ನಿಮ್ಮ ಮನೆಯೊಳಗಿನ ನೀರನ್ನು ಹೊರಹಾಕುವ ಉಪಾಯವನ್ನು ಹೇಳುವೆವೆಂದರೆ ನಗು ಬರುವದು ಸಹಜವೇ ಸರಿ. ಆದರೆ ವರ್ಷದ ಮಳೆ ಕಡಿಮೆಯೆಂದ ಮಾತ್ರಕ್ಕೆ ಒಂದು ರಾತ್ರಿಯ ಮಳೆಯೂ ಕಡಿಮೆಯಾಗಿರಬೇಕೆಂಬ ನಿಯಮವೇನೂ ಇಲ್ಲ. ವೈಶಾಖ ಜ್ಯೇಷ್ಠಗಳಲ್ಲಿ ಗುಡುಗು ಸಿಡಿಲುಗಳೊಡನೆ ಬರುವ ಅಡ್ಡಮಳೆಗಳೂ, ಹುಬ್ಬಿ ಉತ್ತರಿಗಳಿಂದ ಹಸ್ತ ಚಿತ್ತಿಗಳವರೆಗಿನ ಹಿಂಗಾರಿನ ಮಳೆಗಳೂ ಒಂದೆರಡು ತಾಸಿನಲ್ಲಿ ಸುರಿದು ಹೋಗತಕ್ಕವು. ಬರದ ಸೀಮೆಯಲ್ಲಿ ಮಳೆಯು ಹದವಾಗಿ ಹಂಚಿಕೊಂಡು ಬೀಳುವದಿಲ್ಲ. ಬಂದರೆ ಒಮ್ಮೆಲೆ ಬರುವದು. ನೀರಿನ ಅಭಾವವೇ ರೂಢಿಯಾದ ಊರಿನಲ್ಲಿ ಮನೆ ಕಟ್ಟುವವರಿಗೆ ನೀರಿನ ಅತಿರೇಕದ ನೆನಪು ಇರುವದಿಲ್ಲವೆಂಬದೇ ಇಲ್ಲಿಯ ವಿಶೇಷ ಅಪಾಯ.

ಈಚೆಗೆ ನಮ್ಮ ಊರುಗಳಲ್ಲಿ ನಿವೇಶನದ ಬೆಲೆ ಏರಿದಂತೆಲ್ಲ ಮನೆಗಳು ಮೇಲಕ್ಕೆ ಬೆಳೆದುದಲ್ಲದೆ ಕೆಳಕ್ಕೂ ಬೆಳೆದಿವೆ. ಬೇಸ್‌ಮೆಂಟೆಂದು ಎಲ್ಲರೂ ಕರೆಯುವ ನೆಲಮನೆಯಲ್ಲಿ ವಾಹನ ನಿಲ್ಲುತ್ತದೆ. ಅಂಗಡಿಕಾರನ ಸರಕು, ಮುದ್ರಣಾಲಯದ ಕಾಗದ, ರೈತನ ಬೀಜದ ಚೀಲ, ಮಕ್ಕಳ ಹಳೆಯ ಪುಸ್ತಕ, ಹಿರಿಯರ ದಸ್ತೈವಜುಗಳ ಪೆಟ್ಟಿಗೆ, ಎಲ್ಲವೂ ಅಲ್ಲಿಯೇ ಸೇರುತ್ತವೆ. ಕೆಲವೆಡೆ ಮನುಷ್ಯರೂ ಮಲಗುತ್ತಾರೆ. ಹೀಗಿರಲು ಆ ನೆಲಮನೆಗೆ ನೀರು ಬಂದರೇನು ಗತಿಯೆಂಬದನ್ನು ಬಿಸಿಲಿರುವಾಗಲೇ ವಿಚಾರಿಸುವದು ಗೃಹಸ್ಥನ ಧರ್ಮ. ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ನಾವೆಲ್ಲ ಬಲ್ಲೆವು. ನೀರು ಬಂದಾಗ ಪಂಪು ಹುಡುಕುವದೂ ಅದರ ಜಾತಿಯದೇ ಆದ ಅವಿವೇಕ.

ನೆಲದೊಳಗೆ ಮನೆ ಮಾಡುವದು ನಮಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸನ್ನಿಧಾತೃವೆಂಬ ಅಧಿಕಾರಿಯು ಭಂಡಾರವನ್ನು ಕಟ್ಟಿಸುವ ಕ್ರಮವು ಹೇಳಲ್ಪಟ್ಟಿದೆ. ಅಲ್ಲಿ ಭೂಮಿಗೃಹವನ್ನು ಕಟ್ಟುವ ಮೊದಲು ತೋಡುವ ಕುಣಿಯು ನೀರೂ ತೇವವೂ ಇಲ್ಲದುದಾಗಿರಬೇಕೆಂದೂ, ಅದರ ಪಕ್ಕಗಳನ್ನೂ ತಳವನ್ನೂ ಅಗಲವಾದ ಶಿಲೆಗಳಿಂದ ಬಿಗಿಯಬೇಕೆಂದೂ ವಿಧಿಸಲಾಗಿದೆ. ಮೊದಲು ಸ್ಥಳಪರೀಕ್ಷೆ, ಆಮೇಲೆ ಕಟ್ಟೋಣ. ಈ ಅನುಕ್ರಮವನ್ನು ಗಮನಿಸತಕ್ಕದ್ದು. ನಮ್ಮ ಹಳ್ಳಿಗಳ ಹಗೇವುಗಳಲ್ಲಿಯೂ ಇದೇ ವಿವೇಕವಿದ್ದಿತು. ಜೋಳವನ್ನು ತುಂಬುವ ಹಗೇವನ್ನು ನೀರು ನಿಲ್ಲದ ದಿಣ್ಣೆಯ ಮೇಲೆ ತೋಡಿ, ಒಳಗೆ ಹುಲ್ಲು ಸುಟ್ಟು ಆರಿಸಿ, ತಳಕ್ಕೂ ಬದಿಗೂ ಒಣಹುಲ್ಲನ್ನು ಹಾಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗೆ ಗಾಳಿಯಾಡದುದರಿಂದ ಹುಳ ಬದುಕುತ್ತಿರಲಿಲ್ಲ. ಹಗೇವಿಗೆ ಇದ್ದ ಶತ್ರು ಒಂದೇ, ಅದು ನೀರು. ಒಮ್ಮೆ ಒಸರು ಹತ್ತಿತೆಂದರೆ ಬದಿಯ ಕಾಳು ಕಪ್ಪಾಗಿ, ಮುಗ್ಗಿ, ವಾಸನೆ ಹಿಡಿದು, ವರುಷದ ಅನ್ನವೇ ಹೋಗುತ್ತಿದ್ದಿತು.

ಹಗೇವುಗಳ ಕಾಲ ಮುಗಿದರೂ ಅವುಗಳ ಕಥೆ ಮುಗಿದಿಲ್ಲ. ನಮ್ಮ ಜಿಲ್ಲೆಯದೇ ಆದ ನರಗುಂದ ಪಟ್ಟಣದಲ್ಲಿ 2019ರ ಮಳೆಗಾಲದಿಂದೀಚೆಗೆ ಹಳೆಯ ಓಣಿಗಳಲ್ಲಿ ನೆಲವು ಇದ್ದಕ್ಕಿದ್ದಂತೆ ಕುಸಿದುದನ್ನೂ, ಮನೆಗಳೊಳಗೆ ನೀರು ಒಸರಿದುದನ್ನೂ ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಹಿಂದಿನವರು ತೋಡಿ, ಮುಂದಿನವರು ಮರೆತ ಹಗೇವುಗಳು ಕೆಳಗೆ. ಮೇಲೇರಿದ ಅಂತರ್ಜಲವು ಸುತ್ತಲೂ. ಇವೆರಡು ಕೂಡಿದರೆ ಮೇಲಿನ ಗೋಡೆಯ ಗತಿ ಏನೆಂಬದನ್ನು ಹೇಳಬೇಕಾಗಿಲ್ಲ. ಬೆಟಗೇರಿಯ ನೇಕಾರರು ಇದೇ ಮಾತನ್ನು ಬೇರೊಂದು ರೀತಿಯಿಂದ ಬಲ್ಲರು. ಕುಣಿಮಗ್ಗದಲ್ಲಿ ನೇಯುವವನು ಕಾಲುಗಳನ್ನು ನೆಲದ ಕುಣಿಯೊಳಗೆ ಇಳಿಬಿಟ್ಟು ಮೆಟ್ಟುಗೋಲುಗಳನ್ನು ತುಳಿಯಬೇಕು. ಆ ಕುಣಿಗೆ ಮಳೆಯ ಒಸರು ಬಂದರೆ ಮಗ್ಗ ನಿಂತಿತು, ನೂಲು ತೇವಗೊಂಡಿತು, ಆ ವಾರದ ಕೂಲಿ ಹೋಯಿತು. ಆದುದರಿಂದ ನೆಲದ ಕೆಳಗಿನ ನೀರಿನ ಪ್ರಶ್ನೆ ಸಿರಿವಂತರ ವಾಹನಶಾಲೆಯದು ಮಾತ್ರವೆಂದು ಯಾರೂ ಎಣಿಸಬಾರದು.

ಇನ್ನು ಈ ನೀರು ಎಲ್ಲಿಂದ ಬರುವದೆಂಬದನ್ನು ನೋಡೋಣ. ನಮ್ಮಲ್ಲಿ ಎರೆಯ ನೆಲ ಬಹಳ. ಎರೆಮಣ್ಣಿನ ಸ್ವಭಾವ ಎಲ್ಲ ರೈತರಿಗೂ ಗೊತ್ತು: ಬೇಸಗೆಯಲ್ಲಿ ಅದು ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುವದು, ನೀರು ಕುಡಿದರೆ ಹಿಗ್ಗುವದು. ಬೇಸಗೆಯ ಕೊನೆಯಲ್ಲಿ ಬೀಳುವ ಮೊದಲ ದೊಡ್ಡ ಮಳೆಯ ನೀರು ಗೋಡೆಯ ಬದಿಯ ಬಿರುಕುಗಳಿಂದ ನೇರವಾಗಿ ಬುನಾದಿಯವರೆಗೆ ಇಳಿಯುತ್ತದೆ. ಆಮೇಲೆ ಮಣ್ಣು ಹಿಗ್ಗಿ ಬಿರುಕು ಮುಚ್ಚಿದಾಗ ಒಳಹೊಕ್ಕ ನೀರಿಗೆ ಹೊರಬರುವ ದಾರಿಯಿಲ್ಲ. ಎರೆಯೊಳಗೆ ನೀರು ಬಲು ನಿಧಾನವಾಗಿ ಚಲಿಸತಕ್ಕದ್ದು. ಹಿಗ್ಗಿದ ಮಣ್ಣೂ ನಿಂತ ನೀರೂ ಎರಡೂ ಗೋಡೆಯನ್ನು ಒತ್ತುತ್ತವೆ. ಗೋಡೆಯಾಚೆ ಒಂದು ಮೀಟರು ಆಳದ ನೀರು ನಿಂತರೆ ಅದರ ಬುಡದಲ್ಲಿ ಪ್ರತಿ ಚದರ ಮೀಟರಿಗೆ ಒಂದು ಟನ್ನಿನ ಒತ್ತಡ ಬೀಳುವದು. ಈ ಒತ್ತಡದ ಮುಂದೆ ಸಿಮೆಂಟಿನ ಗಿಲಾವು ಎಷ್ಟು ದಿನ ತಾಳೀತು? ಕಪ್ಪತಗುಡ್ಡದ ಸುತ್ತಿನ ಶಿರಹಟ್ಟಿ, ಮುಂಡರಗಿಗಳ ಮಸಾರಿ ನೆಲಗಳಲ್ಲಿ ನೀರು ಬೇಗ ಇಂಗುತ್ತದೆ ನಿಜ. ಆದರೆ ಬೇಗ ಇಂಗುವ ನೀರು ಬೇಗ ಬಂದು ಮುಟ್ಟುವದು ಕೂಡ.

ಆದುದರಿಂದ ಪಂಪಿನ ಮಾತಿಗೆ ಮೊದಲು ಪಂಪಿಲ್ಲದ ಉಪಾಯಗಳನ್ನು ಹೇಳಬೇಕು. ಒಂದು ಲೆಕ್ಕವನ್ನು ನೋಡಿರಿ. ಮೂವತ್ತು ಅಡಿ ಅಗಲ, ನಾಲ್ವತ್ತು ಅಡಿ ಉದ್ದದ ಮಾಳಿಗೆಯು ಸುಮಾರು 111 ಚದರ ಮೀಟರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಒಂದು ಸಂಜೆ 50 ಮಿಲಿಮೀಟರು ಮಳೆಯಾಯಿತೆನ್ನಿರಿ. ಆ ಮಾಳಿಗೆಯೊಂದರಿಂದಲೇ ಐದೂವರೆ ಸಾವಿರ ಲೀಟರು, ಎಂದರೆ 15 ಲೀಟರಿನ 370 ಕೊಡಗಳಷ್ಟು ನೀರು ಇಳಿಯುವದು. ಈ ನೀರನ್ನು ಹೊತ್ತ ಕೊಳವೆಯ ಬಾಯಿ ಗೋಡೆಯ ಬುಡದಲ್ಲಿದ್ದರೆ, ಮನೆಯವರು ತಾವೇ ನೀರನ್ನು ನೆಲಮನೆಗೆ ಆಮಂತ್ರಿಸಿದಂತಾಯಿತು. ಕೊಳವೆಯನ್ನು ಗೋಡೆಯಿಂದ ದೂರಕ್ಕೆ ಒಯ್ದು ಮಳೆನೀರಿನ ತೊಟ್ಟಿಗೋ ಇಂಗುಗುಂಡಿಗೋ ಬಿಡಬೇಕು. ಗೋಡೆಯ ಸುತ್ತ ಎರೆಯನ್ನು ತೆಗೆದು ಗರಸು ತುಂಬಿ ದಮ್ಮಸು ಮಾಡಿ, ನೆಲವು ಮನೆಯಿಂದ ಹೊರಕ್ಕೆ ಇಳಿಜಾರಾಗುವಂತೆ ಹಾಸುಗಲ್ಲು ಹಾಕಬೇಕು. ನೆಲಮನೆಗೆ ಇಳಿಯುವ ದಾರಿಯ ತಲೆಯಲ್ಲಿ ಒಂದು ಗೇಣು ಎತ್ತರದ ಉಬ್ಬನ್ನು ಕಟ್ಟಿದರೆ ಬೀದಿಯ ನೀರು ಬಹುಮಟ್ಟಿಗೆ ಹೊರಗೇ ಉಳಿಯುವದು.

ಬೇಸಗೆಯಲ್ಲಿಯೂ ನೆಲಮನೆಯ ಗೋಡೆ ಒಸರುತ್ತಿದ್ದರೆ ಅದು ಮಳೆಯ ನೀರಲ್ಲ. ಬೀದಿಯ ನಳದ ಸೋರಿಕೆಯೋ, ಶೌಚಕುಣಿಯ ಒಸರೋ, ನಿಮ್ಮದೇ ಸಂಪಿನ ಬಿರುಕೋ ಆಗಿರಬೇಕು. ಸಂಪನ್ನು ತುಂಬಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ, ಒಂದು ರಾತ್ರಿ ಮುಟ್ಟದೆ ಬಿಟ್ಟು ಬೆಳಿಗ್ಗೆ ನೋಡಿದರೆ ಆ ಸಂಶಯ ಪರಿಹಾರವಾಗುವದು. ಸೋರಿಕೆಯನ್ನು ದುರಸ್ತಿ ಮಾಡದೆ ಪಂಪು ಕೂರಿಸುವದು ಜ್ವರದ ಕಾರಣವನ್ನು ನೋಡದೆ ಹಣೆಗೆ ತಣ್ಣೀರುಪಟ್ಟಿ ಹಾಕುತ್ತ ಕುಳಿತಂತೆ.

ಇಲ್ಲಿ ಒಂದು ಶಬ್ದವನ್ನು ಸ್ಪಷ್ಟಪಡಿಸಬೇಕು. ನಮ್ಮಲ್ಲಿ ಸಂಪು ಎಂದರೆ ನೀರನ್ನು ಕೂಡಿಡುವ ನೆಲದೊಳಗಿನ ತೊಟ್ಟಿ. ನಾವು ಈಗ ಹೇಳಹೊರಟ ಕುಣಿಯು ಅದಕ್ಕೆ ವಿರುದ್ಧವಾದುದು. ಬಂದ ನೀರನ್ನು ಒಂದೆಡೆ ಸೇರಿಸಿ ಹೊರಹಾಕುವದು ಅದರ ಕೆಲಸ. ಇದನ್ನು ಒಸರುಗುಂಡಿಯೆಂದು ಕರೆಯೋಣ. ನೆಲಮನೆಯ ಅತ್ಯಂತ ತಗ್ಗಿನ ಮೂಲೆಯಲ್ಲಿ ಅರವತ್ತು ಸೆಂಟಿಮೀಟರು ಉದ್ದಗಲದ, ಎಪ್ಪತ್ತೈದು ಸೆಂಟಿಮೀಟರು ಆಳದ ಕುಣಿಯನ್ನು ತೋಡಿಸಿ, ಬದಿಗೆ ನೀರು ಒಳಬರಲು ತೂತುಗಳಿರುವ ಕಟ್ಟೋಣವನ್ನು ಮಾಡಿಸಿ, ಅದರ ಹಿಂದೆ ಖಡಿ ತುಂಬಿಸಬೇಕು. ಗೋಡೆಯ ಬುಡದಿಂದ ಸಣ್ಣ ಕಾಲುವೆಗಳು ಇದಕ್ಕೆ ಹರಿದುಬರಬೇಕು. ಬುನಾದಿಗೆ ತೀರ ಹತ್ತಿರ ತೋಡಬಾರದು. ಸ್ಥಳವನ್ನು ಅನುಭವವುಳ್ಳ ಗೌಂಡಿಗೋ ಎಂಜಿನಿಯರರಿಗೋ ತೋರಿಸಿಯೇ ಕೆಲಸಕ್ಕೆ ಕೈಹಾಕಬೇಕು. ಮಕ್ಕಳ ಕಾಲು ಜಾರದಂತೆ ಮೇಲೆ ಗಟ್ಟಿಯಾದ ಜಾಲರಿಯ ಮುಚ್ಚಳವಿರಲಿ.

ಈ ಕುಣಿಯೊಳಗೆ ನೀರಿನಲ್ಲಿ ಮುಳುಗಿಯೇ ಕೆಲಸಮಾಡುವ ಒಂದು ಪಂಪನ್ನು ಇಡುತ್ತಾರೆ. ನೆಲದ ಮೇಲೆ ಕೂರಿಸುವ ಸಾಮಾನ್ಯ ಮೋಟಾರು ಇಲ್ಲಿ ಸಲ್ಲದು. ನೀರು ಏರಿದರೆ ಮೊದಲು ಮುಳುಗಿ ಕೆಡುವದು ಅದೇ. ಪಂಪಿಗೆ ಒಂದು ತೇಲುಗುಂಡು ಜೋಡಿಸಿರುತ್ತದೆ. ನೀರಿನೊಡನೆ ಗುಂಡು ಮೇಲೇರಿದರೆ ಗುಂಡಿ ಒತ್ತಿದಂತಾಗಿ ಪಂಪು ತಾನೇ ನಡೆಯುವದು. ಕೆಳಗಿಳಿದರೆ ತಾನೇ ನಿಲ್ಲುವದು. ಪಂಪಿನ ಕೆಳಗೆ ಎರಡು ಇಟ್ಟಂಗಿಗಳನ್ನಿಟ್ಟರೆ ಕೆಸರು ಸೇರುವದಿಲ್ಲ. ಮೇಲಕ್ಕೆ ಹೋಗುವ ಕೊಳವೆಯಲ್ಲಿ ನೀರು ಹಿಂದಿರುಗದಂತೆ ತಡೆಯುವ ಕವಾಟವಿರಬೇಕು. ಕೆಲಸಗಾರರು ಇದನ್ನು ಎನ್‌ಆರ್‌ವಿ ಎಂದು ಕರೆಯುತ್ತಾರೆ. ಅದಿಲ್ಲದಿದ್ದರೆ ಪಂಪು ನಿಂತ ಕೂಡಲೆ ಕೊಳವೆಯಲ್ಲಿದ್ದ ನೀರೆಲ್ಲ ಮರಳಿ ಕುಣಿಗೆ ಬಿದ್ದು, ಗುಂಡು ಮತ್ತೆ ಏರಿ, ಪಂಪು ವ್ಯರ್ಥವಾಗಿ ಮತ್ತೆ ಮತ್ತೆ ನಡೆಯುವದು.

ಇಷ್ಟಾದರೆ ಮನೆಯವರು ನಿಶ್ಚಿಂತರಾಗುತ್ತಾರೆ. ಆದರೆ ನಿಜವಾದ ಪ್ರಶ್ನೆ ಹುಟ್ಟುವದೇ ಇಲ್ಲಿಂದ. ಈ ಪಂಪು ಯಾವ ರಾತ್ರಿ ಬೇಕಾಗುವದೋ ಆ ರಾತ್ರಿಯೇ ನಿಂತುಹೋಗುವ ಸಂಭವ ಹೆಚ್ಚು. ಏಕೆ? ನೆಲಮನೆಗೆ ನೀರು ತರುವ ಬಿರುಗಾಳಿಯೇ ಮರ ಕೆಡವಿ ವಿದ್ಯುತ್ತಿನ ತಂತಿಯನ್ನು ಹರಿಯುವದು. ಸಿಡಿಲು ಬಡಿದರೆ ಪರಿವರ್ತಕ ಸುಡುವದು. ಅಪಾಯವಾಗಬಾರದೆಂದು ವಿದ್ಯುತ್ ಮಂಡಳಿಯವರೇ ಪ್ರವಾಹವನ್ನು ನಿಲ್ಲಿಸಬೇಕಾಗುವದೂ ಉಂಟು. ಕಪ್ಪತಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳು ಭರದಿಂದ ತಿರುಗುತ್ತಿದ್ದರೂ ನಿಮ್ಮ ಓಣಿಯ ಕಂಬದ ತಂತಿ ಕಡಿದರೆ ನಿಮ್ಮ ಪಂಪಿಗೆ ಅದರಿಂದ ಪ್ರಯೋಜನವಿಲ್ಲ. ರೋಗವೂ ಔಷಧದ ಅಭಾವವೂ ಒಂದೇ ಕಾರಣದಿಂದ ಬರುವದೆಂದರೆ ಇದೇ. ಇದಲ್ಲದೆ ತೇಲುಗುಂಡು ತಂತಿಗೆ ಸಿಕ್ಕಿಕೊಳ್ಳಬಹುದು, ಪಂಪಿನ ಬಾಯಿಗೆ ಕಸ ತುಂಬಬಹುದು, ವರುಷವೆಲ್ಲ ಒಣಗಿ ನಿಂತ ಯಂತ್ರವು ತುಕ್ಕು ಹಿಡಿದಿರಬಹುದು. ಎಂಟು ತಿಂಗಳು ಕೆಲಸವಿಲ್ಲದೆ ನಿಂತ ಸೇವಕನು ಕರೆದ ಕ್ಷಣಕ್ಕೆ ಏಳುವನೆಂದು ನಂಬುವದು ಕಷ್ಟ.

ಆದುದರಿಂದ ಎರಡನೆಯ ಪಂಪು ಬೇಕು. ಆದರೆ ಬರಿಯ ಸಂಖ್ಯೆಯಿಂದ ರಕ್ಷಣೆಯಾಗದು. ಮೊದಲನೆಯದರಂತಹದೇ ಇನ್ನೊಂದನ್ನು ತಂದು ಅದೇ ತಂತಿಗೆ, ಅದೇ ಕೊಳವೆಗೆ ಜೋಡಿಸಿದರೆ, ವಿದ್ಯುತ್ತು ಹೋದಾಗ ಒಂದರ ಬದಲು ಎರಡು ಪಂಪುಗಳು ನಿಂತವು, ಅಷ್ಟೇ ಲಾಭ. ಮೊದಲನೆಯದಕ್ಕೆ ಯಾವ ಕಾರಣದಿಂದ ವಿಘ್ನ ಬರುವದೋ ಆ ಕಾರಣವು ಎರಡನೆಯದನ್ನು ಮುಟ್ಟಬಾರದು. ಈ ಒಂದು ಸೂತ್ರವನ್ನು ನೆನಪಿಟ್ಟರೆ ಉಳಿದ ವಿವರಗಳೆಲ್ಲ ಅದರಿಂದಲೇ ಹೊರಡುತ್ತವೆ: ಶಕ್ತಿಯ ಮೂಲ ಬೇರೆ, ತೇಲುಗುಂಡು ಬೇರೆ, ಹೊರಗೊಯ್ಯುವ ಕೊಳವೆ ಬೇರೆ, ತಡೆಕವಾಟ ಬೇರೆ.

ಶಕ್ತಿಯ ಮೂಲಗಳಲ್ಲಿ ಮೂರು ಬಗೆಗಳುಂಟು. ಮೊದಲನೆಯದು ನಳದ ನೀರಿನ ಒತ್ತಡದಿಂದಲೇ ನಡೆಯುವ ಪಂಪು. ಪಾಶ್ಚಾತ್ಯ ದೇಶಗಳಲ್ಲಿ ಇದನ್ನು ಬಳಸುತ್ತಾರೆ. ಹಗಲಿರುಳು ಒತ್ತಡದ ನೀರಿರುವ ಊರಿಗೆ ಅದು ತಕ್ಕದ್ದು. ನಳಕ್ಕೆ ನೀರು ಬರುವ ದಿನವನ್ನು ಕಾಯುವ ನಮ್ಮ ಮನೆಗಳಿಗೆ ಅದು ಸಲ್ಲದು. ಕುಡಿಯುವ ನೀರನ್ನು ಹರಿಸಿ ಮಳೆನೀರನ್ನು ಎತ್ತುವದು ನಮ್ಮ ಸೀಮೆಯಲ್ಲಿ ಪಾಪಕ್ಕೆ ಸಮಾನ. ಎರಡನೆಯದು ಪೆಟ್ರೋಲಿನ ಎಂಜಿನ್ನು. ಅದು ಬಲವುಳ್ಳದ್ದೇ, ಆದರೆ ತಾನೇ ಏಳಲಾರದು, ಯಾರಾದರೂ ಎದ್ದು ಚಾಲೂ ಮಾಡಬೇಕು. ಅಲ್ಲದೆ ಅದರ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಇಂಗಾಲದ ಮಾನಾಕ್ಸೈಡೆಂಬ ಘೋರವಾದ ವಿಷವಾಯು ಇರುವದರಿಂದ ಅದನ್ನು ನೆಲಮನೆಯೊಳಗಾಗಲಿ, ಕಿಟಕಿಯ ಬದಿಯಲ್ಲಾಗಲಿ ಎಂದೂ ನಡೆಸಕೂಡದು. ಮೂರನೆಯದು ಬ್ಯಾಟರಿಯಿಂದ ನಡೆಯುವ ಪಂಪು. ಗೃಹಸ್ಥರಿಗೆ ಇದೇ ಯೋಗ್ಯವಾದುದು. ವಿದ್ಯುತ್ತು ಇರುವಾಗ ಬ್ಯಾಟರಿ ತುಂಬಿಕೊಂಡಿರುವದು, ಹೋದಾಗ ಪಂಪಿಗೆ ಬಲ ಕೊಡುವದು. ಯಾರೂ ಎಚ್ಚರವಾಗಿರಬೇಕಾದ ಕಾರಣವಿಲ್ಲ.

ಪಂಪಿನ ಗಾತ್ರವನ್ನು ಅಂಗಡಿಕಾರನ ಮಾತಿನಿಂದಲ್ಲ, ಅಳತೆಯಿಂದ ನಿರ್ಣಯಿಸಬೇಕು. ಜೋರು ಮಳೆಯ ದಿನ, ನೆಲಮನೆಯ ನೆಲ ಒಣಗಿದ್ದು ದೀಪವಿರುವಾಗ, ಪಂಪನ್ನು ಒಂದು ನಿಮಿಷ ನಿಲ್ಲಿಸಿ, ಒಣ ಕೋಲಿನಿಂದ ಕುಣಿಯಲ್ಲಿ ನೀರು ಎಷ್ಟು ಏರಿತೆಂಬದನ್ನು ಅಳೆಯಿರಿ. ಮೇಲೆ ಹೇಳಿದ ಅಳತೆಯ ಕುಣಿಯಲ್ಲಿ ಒಂದು ಸೆಂಟಿಮೀಟರಿಗೆ 3.6 ಲೀಟರು. ನಿಮಿಷಕ್ಕೆ ಐದು ಸೆಂಟಿಮೀಟರು ಏರಿದರೆ 18 ಲೀಟರು. ತಾಸಿಗೆ 1080 ಲೀಟರು. ಇದರ ಇಮ್ಮಡಿ, ಎಂದರೆ ತಾಸಿಗೆ ಸುಮಾರು 2000 ಲೀಟರು ಎತ್ತುವ ಪಂಪು ಸಾಕು. ಆದರೆ ಒಂದು ಎಚ್ಚರಿಕೆ: ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ಅಂಕಿಯು ಅನೇಕ ವೇಳೆ ನೀರನ್ನು ಎತ್ತರಕ್ಕೆ ಏರಿಸದಿರುವಾಗಿನದು. ನಿಮ್ಮ ಕುಣಿಯ ತಳದಿಂದ ಹೊರಗಿನ ಕೊಳವೆಯ ಬಾಯಿಯವರೆಗಿನ ಎತ್ತರದಲ್ಲಿ ಅದು ಎಷ್ಟು ನೀರನ್ನು ಕೊಡುವದೆಂದು ಕೇಳಬೇಕು.

ದೊಡ್ಡ ಕುದುರೆಬಲದ ಪಂಪೇ ಬೇಕೆಂಬ ಹಟ ನಮ್ಮಲ್ಲಿ ಬಹಳ. ತಾಸಿಗೆ 2000 ಲೀಟರು ನೀರನ್ನು ನಾಲ್ಕು ಮೀಟರು ಎತ್ತುವದಕ್ಕೆ ಗಣಿತದ ಪ್ರಕಾರ ಬೇಕಾದ ಶಕ್ತಿ 22 ವಾಟಿನಷ್ಟು ಮಾತ್ರ. ಯಂತ್ರದ ನಷ್ಟ, ಕೊಳವೆಯ ಘರ್ಷಣೆಗಳನ್ನೆಲ್ಲ ಕೂಡಿಸಿ ನೂರು ವಾಟೆನ್ನಿರಿ. ಒಂದು ಕುದುರೆಬಲವೆಂದರೆ 746 ವಾಟು. ಅಂತಹ ದೊಡ್ಡ ಪಂಪು ಆರಂಭದ ಕ್ಷಣದಲ್ಲಿ ತನ್ನ ನಿತ್ಯದ ಪ್ರವಾಹದ ಹಲವು ಪಟ್ಟನ್ನು ಎಳೆಯುವದರಿಂದ ಮನೆಯ ಸಾಮಾನ್ಯ ಇನ್ವರ್ಟರು ಅದನ್ನು ತಾಳಲಾರದೆ ನಿಲ್ಲುವ ಸಂಭವವಿದೆ. ದೀಪ ಪಂಖಗಳ ಇನ್ವರ್ಟರಿಗೇ ಪಂಪನ್ನೂ ಜೋಡಿಸುವದರಲ್ಲಿ ಇನ್ನೊಂದು ದೋಷವೂ ಇದೆ. ಸಂಜೆಯಿಂದ ದೀಪ ಪಂಖಗಳು ಕುಡಿದು ಉಳಿಸಿದ ಬ್ಯಾಟರಿಯೇ ನಡುರಾತ್ರಿ ಪಂಪಿನ ಪಾಲಿಗೆ ಬರುವದು. ಆದುದರಿಂದ ಬ್ಯಾಟರಿಯ ನೇರ ಪ್ರವಾಹದಿಂದಲೇ ನಡೆಯುವ 12 ವೋಲ್ಟಿನ ಸಣ್ಣ ಪಂಪೂ, ಅದಕ್ಕೇ ಮೀಸಲಾದ ಬ್ಯಾಟರಿಯೂ ಉತ್ತಮ.

12 ವೋಲ್ಟಿನ, 150 ಆಂಪಿಯರ್-ತಾಸಿನ ಬ್ಯಾಟರಿಯಲ್ಲಿ 1800 ವಾಟ್-ತಾಸುಗಳ ಶಕ್ತಿಯಿರುತ್ತದೆ. ಸೀಸದ ಬ್ಯಾಟರಿಯನ್ನು ಪೂರ್ತಿ ಬರಿದುಮಾಡಿದರೆ ಅದರ ಆಯುಷ್ಯ ಕ್ಷೀಣಿಸುವದು. ಆದುದರಿಂದ ಅರ್ಧವನ್ನು ಮಾತ್ರ, ಎಂದರೆ 900ನ್ನು ಲೆಕ್ಕಕ್ಕೆ ಹಿಡಿಯೋಣ. ನೂರು ವಾಟಿನ ಪಂಪು ಇದರಿಂದ ಎಡೆಬಿಡದೆ ಒಂಬತ್ತು ತಾಸು ನಡೆಯುವದು. ನಮ್ಮ ಉದಾಹರಣೆಯಲ್ಲಿ ಒಳಬರುವ ನೀರಿನ ಇಮ್ಮಡಿ ನೀರನ್ನು ಪಂಪು ಎತ್ತುವದರಿಂದ ಅದು ಅರ್ಧ ಕಾಲ ಮಾತ್ರ ನಡೆದರೆ ಸಾಕು. ಹಾಗಾದರೆ ಹದಿನಾರು ತಾಸುಗಳವರೆಗೂ ಬಂದೀತು. ಒಂದು ದೀರ್ಘರಾತ್ರಿ ಕಳೆದು ಬೆಳಗಾಗಿ, ತಂತಿಯನ್ನು ಸರಿಪಡಿಸುವವರು ಬರುವಷ್ಟು ಅವಧಿಯಿದು.

ಜೋಡಣೆಯ ವಿಷಯದಲ್ಲಿ ಕೆಲವು ಮಾತುಗಳು. ಎರಡನೆಯ ಪಂಪಿನ ತೇಲುಗುಂಡು ಮೊದಲನೆಯದಕ್ಕಿಂತ ನಾಲ್ಕು ಬೆರಳು ಮೇಲಿರಬೇಕು. ಆಗ ಮೊದಲನೆಯದು ಸೋತಾಗ ಮಾತ್ರ ಎರಡನೆಯದು ಎಚ್ಚರಗೊಳ್ಳುವದು. ಅದು ನಡೆಯತೊಡಗಿದರೆ ಮನೆಯ ಮೇಲಂತಸ್ತಿನಲ್ಲಿ ಕೇಳುವಂತೆ ಒಂದು ಗಂಟೆ ಬಾರಿಸುವ ಏರ್ಪಾಡಿರಲಿ. ಇಲ್ಲವಾದರೆ ಮೊದಲನೆಯದು ಕೆಟ್ಟ ಸಂಗತಿಯೇ ತಿಳಿಯದೆ ತಿಂಗಳುಗಳು ಕಳೆಯುವವು. ಬ್ಯಾಟರಿಯನ್ನು ನೆಲದ ಮೇಲಿಡದೆ, ಎದೆಯೆತ್ತರದ ಕಟ್ಟೆಯ ಮೇಲೆ, ಗಾಳಿಯಾಡುವಲ್ಲಿ ಇಡಬೇಕು. ತುಂಬುವಾಗ ಅದರಿಂದ ಹೊತ್ತಿಕೊಳ್ಳುವ ಜಲಜನಕವಾಯು ಹೊರಡುವದರಿಂದ ಬಳಿಯಲ್ಲಿ ದೀಪ ಬೆಂಕಿಗಳು ಸಲ್ಲವು. ಮುಖ್ಯ ಪಂಪಿನ ತಂತಿಗೆ 30 ಮಿಲಿಆಂಪಿಯರು ಸೋರಿದರೆ ಕಡಿದುಬಿಡುವ ರಕ್ಷಣಾಸಾಧನವೂ, ಸರಿಯಾದ ಭೂಸಂಪರ್ಕವೂ ಇರತಕ್ಕದ್ದು. ಸ್ವಿಚ್ಚುಗಳೆಲ್ಲ ಮೇಲಂತಸ್ತಿನಲ್ಲಿರಲಿ. ಈ ತಂತಿಗಳ ಕೆಲಸವನ್ನು ಪರವಾನಿಗೆಯುಳ್ಳ ಕೆಲಸಗಾರನಿಂದಲೇ ಮಾಡಿಸಬೇಕು. ಹೊರಹಾಕಿದ ನೀರು ನೆರೆಯವರ ಗೋಡೆಗೆ ಹೋಗಕೂಡದು. ಗಿಡಮರಗಳಿಗೆ ಹರಿದರೆ ಸಂತೋಷ. ಆದರೆ ಆ ನೀರು ಕುಡಿಯುವ ಸಂಪಿಗೆ ಎಂದೂ ಸೇರಬಾರದು.

ಯಂತ್ರವನ್ನು ಕೂರಿಸಿದರೆ ಕೆಲಸ ಮುಗಿಯಲಿಲ್ಲ. ತಿಂಗಳಿಗೊಮ್ಮೆ, ಅಮಾವಾಸ್ಯೆಯೋ ಹುಣ್ಣಿಮೆಯೋ ಮನೆಯವರಿಗೆ ಮರೆಯದ ಒಂದು ದಿನ, ಪರೀಕ್ಷೆ ಮಾಡತಕ್ಕದ್ದು. ಇದಕ್ಕೆ ಯಾವ ವಿದ್ಯೆಯೂ ಬೇಡ. ಮುಖ್ಯ ಪಂಪಿನ ಸ್ವಿಚ್ಚನ್ನು ಆರಿಸಿ, ಕುಣಿಗೆ ನೀರು ಸುರಿಯುತ್ತ ಹೋದರೆ ಎರಡನೆಯ ಪಂಪು ತಾನೇ ನಡೆದು ಗಂಟೆ ಬಾರಿಸಬೇಕು. ಬಳಸಿದ ನೀರನ್ನೇ ಸುರಿಯಿರಿ. ಕುಡಿಯುವ ನೀರು ಬೇಡ. ಆಮೇಲೆ ಸ್ವಿಚ್ಚನ್ನು ಮರಳಿ ಹಾಕಲು ಮರೆಯಬಾರದು. ನೀರು ಹಾಕುವ ಬಗೆಯ ಬ್ಯಾಟರಿಯಾದರೆ ಶುದ್ಧೀಕರಿಸಿದ ನೀರಿನ ಮಟ್ಟವನ್ನೂ ಅಂದೇ ನೋಡಬೇಕು. ರೋಹಿಣಿಯ ಮಳೆ ಕೂಡುವ ಮೊದಲೊಮ್ಮೆ, ಹುಬ್ಬಿಯ ಮಳೆಗೆ ಮೊದಲೊಮ್ಮೆ ಕುಣಿಯ ಕೆಸರನ್ನು ತೆಗೆಯಿಸಿರಿ. ಈ ಪರೀಕ್ಷೆಯನ್ನು ಮನೆಯ ಯಜಮಾನನೊಬ್ಬನೇ ಬಲ್ಲವನಾಗಿರದೆ ಯಜಮಾನಿತಿಯೂ ಬೆಳೆದ ಮಕ್ಕಳೂ ಬಲ್ಲವರಾಗಿರಬೇಕು. ಮಳೆ ಬರುವಾಗ ಯಜಮಾನನು ಹುಬ್ಬಳ್ಳಿಯಲ್ಲಿದ್ದರೇನು ಗತಿ?

ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವಾದ ಸಂಗತಿಯನ್ನು ಈಗ ಹೇಳುತ್ತೇವೆ. 2024ರ ಜುಲೈ 27ರಂದು ದಿಲ್ಲಿಯ ಹಳೆಯ ರಾಜಿಂದರ್ ನಗರದಲ್ಲಿ, ದೊಡ್ಡ ಪರೀಕ್ಷೆಗಾಗಿ ಓದಲು ಊರು ಬಿಟ್ಟು ಬಂದಿದ್ದ ಮೂವರು ವಿದ್ಯಾರ್ಥಿಗಳು ನೆಲಮನೆಯಲ್ಲಿದ್ದ ಗ್ರಂಥಾಲಯಕ್ಕೆ ನುಗ್ಗಿದ ಮಳೆನೀರಿಗೆ ಸಿಕ್ಕು ಸತ್ತರು. ಅಂತಹ ಪ್ರವಾಹವನ್ನು ಯಾವ ಮನೆಪಂಪೂ ತಡೆಯಲಾರದು. ನೆಲಮನೆಯಲ್ಲಿ ಜನರನ್ನು ಕೂರಿಸಬಾರದೆಂಬದೇ ಅಲ್ಲಿಯ ಪಾಠ. ನಮ್ಮ ನಾಡಿನದೇ ಇನ್ನೊಂದು ಸಂಗತಿಯಿದೆ. 2025ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಬಿಟಿಎಂ ಬಡಾವಣೆಯ ಹತ್ತಿರದ ವಸತಿಗೃಹವೊಂದರ ನೆಲಮನೆಯಲ್ಲಿ ಮಳೆನೀರು ನಿಂತಿತು. ಅದನ್ನು ಪಂಪಿನಿಂದ ಹೊರಹಾಕುವ ಪ್ರಯತ್ನದಲ್ಲಿದ್ದಾಗ ವಿದ್ಯುತ್ತು ತಗುಲಿ ಅರವತ್ತು ದಾಟಿದ ಹಿರಿಯರೊಬ್ಬರೂ, ಹನ್ನೆರಡು ವರ್ಷದ ಬಾಲಕನೊಬ್ಬನೂ ಪ್ರಾಣ ಕಳೆದುಕೊಂಡರು. ನೀರು ಅವರನ್ನು ಮುಳುಗಿಸಲಿಲ್ಲ. ನಿಂತ ನೀರೊಳಗೆ ವಿದ್ಯುತ್ತು ಹರಿಯಿತು.

ಆದುದರಿಂದ ಪಂಪುಗಳೆರಡೂ ಸೋತು ನೆಲಮನೆಯಲ್ಲಿ ನೀರು ನಿಂತರೆ ಮಾಡತಕ್ಕ ಮೊದಲ ಕೆಲಸವೆಂದರೆ ಕೆಳಗಿಳಿಯದಿರುವದು. ಮುಖ್ಯ ಸ್ವಿಚ್ಚು ಮೇಲಿದ್ದರೆ ಒಣಗಿದ ಸ್ಥಳದಲ್ಲಿ ನಿಂತು ಅದನ್ನು ಆರಿಸಿರಿ. ಅದು ಕೆಳಗೇ ಇದ್ದರೆ ಮುಟ್ಟಹೋಗದೆ 1912 ಸಂಖ್ಯೆಗೆ ಕರೆಮಾಡಿ ವಿದ್ಯುತ್ ಮಂಡಳಿಯವರಿಂದ ಪ್ರವಾಹವನ್ನು ನಿಲ್ಲಿಸಿರಿ. ಓಣಿಯಲ್ಲಿ ದೀಪವಿಲ್ಲವೆಂದ ಮಾತ್ರಕ್ಕೆ ನೀರಿನಲ್ಲಿ ವಿದ್ಯುತ್ತಿಲ್ಲವೆಂದು ತಿಳಿಯಬಾರದು. ಯಾವ ಕ್ಷಣಕ್ಕಾದರೂ ಅದು ಮರಳಿ ಬಂದೀತು, ಮನೆಯ ಇನ್ವರ್ಟರಿನಿಂದಲೂ ಬಂದೀತು. ನೀರು ಬಹಳ ನಿಂತಿದ್ದರೆ ಒಮ್ಮೆಲೆ ಎಲ್ಲವನ್ನೂ ಎತ್ತಿಹಾಕುವದೂ ಸರಿಯಲ್ಲ. ಹೊರಗಿನ ನೆನೆದ ಮಣ್ಣಿನ ಒತ್ತಡಕ್ಕೆ ಒಳಗಿನ ನೀರೇ ಎದುರು ಆಸರೆಯಾಗಿರುತ್ತದೆ. ಅದನ್ನು ಅವಸರದಿಂದ ತೆಗೆದರೆ ಗೋಡೆ ಒಳಕ್ಕೆ ಬೀಳುವ ಭಯವುಂಟು. ದಿನಕ್ಕೆ ಮೂರರಲ್ಲೊಂದು ಪಾಲಿನಂತೆ ತೆಗೆಯುತ್ತ, ಗೋಡೆಯನ್ನು ನೋಡುತ್ತ ಹೋಗಬೇಕು.

ದಸ್ತೈವಜುಗಳನ್ನೂ, ಬೀಜದ ಚೀಲಗಳನ್ನೂ, ಪುಸ್ತಕಗಳನ್ನೂ ಇಂದೇ ಮೇಲಂತಸ್ತಿಗೆ ಸಾಗಿಸಿರಿ. ಅದಕ್ಕೆ ಪಂಪಿನ ಖರ್ಚೂ ಬೇಡ. ಮಳೆಗಾಲದ ರಾತ್ರಿ ನೆಲಮನೆಯಲ್ಲಿ ಯಾರನ್ನೂ, ಮುಖ್ಯವಾಗಿ ಕಾವಲಿನವನನ್ನೂ ಕೆಲಸದ ಹುಡುಗನನ್ನೂ, ಮಲಗಿಸಬೇಡಿರಿ. ಇಷ್ಟೆಲ್ಲ ಮಾಡಿದ ಮೇಲೆ ಈ ಎರಡನೆಯ ಪಂಪಿಗೇಕೆ ಹಣ ವೆಚ್ಚಮಾಡಬೇಕೆಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೇ. ನೀರು ಏರುತ್ತಿರುವ ಸದ್ದು ಕೇಳಿದರೆ ಮನುಷ್ಯನು ಸುಮ್ಮನಿರಲಾರನು. ಪಂಚೆ ಎತ್ತಿಕಟ್ಟಿ, ಕೈದೀಪ ಹಿಡಿದು, ಮಗನನ್ನೂ ಕರೆದುಕೊಂಡು ಕೆಳಗಿಳಿಯುವನು. ಅದು ಅವನ ಸ್ವಭಾವ. ಉಪದೇಶದಿಂದ ಅದನ್ನು ತಿದ್ದುವದು ಕಷ್ಟ. ಕೆಳಗೆ ಒಂದು ಸಣ್ಣ ಯಂತ್ರವು ತನ್ನಷ್ಟಕ್ಕೆ ತಾನು ನೀರೆತ್ತುತ್ತಿರುವ ದನಿ ಕೇಳಿದರೆ ಮಾತ್ರ ಅವನು ಮೆಟ್ಟಿಲ ಮೇಲೆಯೇ ನಿಂತಾನು. ಆ ಪಂಪು ಕಾಯುವದು ಕೆಳಗಿನ ಸಾಮಾನನ್ನೆಂದು ನಾವು ತಿಳಿದಿದ್ದೇವೆ; ಅದು ನಿಜವಾಗಿ ಕಾಯುವದು ಮೆಟ್ಟಿಲ ಮೇಲೆ ನಿಂತವನನ್ನು.